ಅಂತೇವಾಸಿ

ಸಾಗರ ಪಟ್ಟಣದಿಂದ ಅನತಿದೂರದಲ್ಲಿ, ಕಾಡೂ ಅಡಕೆಯ ತೋಟಗಳೂ ಒಂದರೊಳಗೊಂದು ಬೆರೆತುಹೋದ ಮಲೆನಾಡಿನ ಮಡಿಲಿನಲ್ಲಿ ವರದಹಳ್ಳಿ ಎಂಬ ಚಿಕ್ಕ ಊರುಂಟು. ಕಲಬುರಗಿ ಸೀಮೆಯ ಲಾಡಚಿಂಚೋಳಿಯಲ್ಲಿ 1908ರಲ್ಲಿ ಜನಿಸಿ, ಸಮರ್ಥ ರಾಮದಾಸರ ಸಜ್ಜನಗಡದಲ್ಲಿ ಸೇವೆಯನ್ನೇ ಸಾಧನೆಯಾಗಿ ಮಾಡಿಕೊಂಡು, ಅನೇಕ ಪ್ರಾಂತಗಳಲ್ಲಿ ಸಂಚರಿಸಿ, ಕಡೆಗೆ ಈ ಊರಿನ ಗುಡ್ಡದಲ್ಲಿ ನೆಲೆನಿಂತು 1973ರಲ್ಲಿ ದೇಹವನ್ನು ತ್ಯಜಿಸಿದ ಶ್ರೀಧರಸ್ವಾಮಿಗಳಿಂದಾಗಿ ಅದರ ಹೆಸರು ಕನ್ನಡನಾಡಿನಲ್ಲೆಲ್ಲ ಪರಿಚಿತವಾಯಿತು. ಗೋಮುಖದಿಂದ ಅಹರ್ನಿಶಿ ಸುರಿಯುವ ಶ್ರೀಧರತೀರ್ಥದ ಎದುರಿಗೆ ನಿಂತರೆ, ದೂರದ ಊರಿನಿಂದ ಬಂದವನೂ ಪಕ್ಕದ ಹಳ್ಳಿಯವನೂ ಒಂದೇ ಧಾರೆಯ ಕೆಳಗೆ ಬೊಗಸೆಯೊಡ್ಡುವುದನ್ನು ಕಾಣಬಹುದು. ಗುರುವಿದ್ದ ಸ್ಥಳದಲ್ಲಿ ಕೆಲವು ದಿನವಾದರೂ ಇದ್ದು, ನೆಲವನ್ನು ಗುಡಿಸಿ, ನೀರನ್ನು ಹೊತ್ತು, ಎಲೆಯನ್ನು ಹಾಸಿ, ಹಾಗೆ ಇರುವುದರಿಂದಲೇ ಏನನ್ನೋ ಕಲಿತು ಹೋಗಬೇಕೆಂಬ ಹಂಬಲದಿಂದ ಬರುವವರು ಇಂಥ ಆಶ್ರಮಗಳಿಗೆ ಯಾವ ಕಾಲದಲ್ಲಿಯೂ ಕಡಮೆಯಾಗಲಿಲ್ಲ.

ಹಾಗೆ ಗುರುವಿನ ಬಳಿ ವಾಸಿಸಿ ಕಲಿಯುವವನಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅಂತೇವಾಸಿ. ಓದಿದುದರಿಂದಲ್ಲ, ಕೇಳಿದುದರಿಂದಲೂ ಅಲ್ಲ, ವಾಸದಿಂದ ಆತನು ಶಿಷ್ಯ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದ ಬ್ರಹ್ಮವರ್ಗದಲ್ಲಿ ಶಿಷ್ಯನೆಂಬ ಅರ್ಥದಲ್ಲಿ ಈ ಪದವು ಬರುತ್ತದೆ. ಅದೇ ಕೋಶದ ಶೂದ್ರವರ್ಗವನ್ನು ತೆರೆದು ನೋಡಿದರೆ ಅದೇ ಪದವು ಇನ್ನೊಮ್ಮೆ ಕಾಣಸಿಗುತ್ತದೆ. ಅಲ್ಲಿ ಅದು ಚಂಡಾಲನ ಪರ್ಯಾಯನಾಮಗಳ ಸಾಲಿನಲ್ಲಿ ನಿಂತಿದೆ. ಊರಿನ ಅಂತದಲ್ಲಿ, ಅಂದರೆ ಅಂಚಿನಲ್ಲಿ, ವಾಸಿಸುವವನು ಎಂಬುದು ಅಲ್ಲಿಯ ಅರ್ಥ. ಗುರುವಿಗೆ ಅತ್ಯಂತ ಸಮೀಪದಲ್ಲಿರುವವನಿಗೂ ಊರಿಗೆ ಅತ್ಯಂತ ದೂರದಲ್ಲಿರುವವನಿಗೂ ಒಂದೇ ಶಬ್ದವನ್ನು ಕೊಟ್ಟ ಭಾಷೆಯು ಆ ಇಬ್ಬರನ್ನು ಶತಮಾನಗಳ ಕಾಲ ಎದುರುಬದುರು ಕೂಡಿಸಲಿಲ್ಲ. ಆ ಎರಡು ಅರ್ಥಗಳನ್ನು ಒಂದೆಡೆಗೆ ತರಲು, ಎಂದರೆ ಊರಂಚಿನ ಕೇರಿಯನ್ನೇ ಗುರುಸ್ಥಾನವೆಂದು ತಿಳಿದು ಅಲ್ಲಿ ವಾಸಿಸಿ ಕಲಿಯಲು, ನಮ್ಮ ನಾಡಿನಲ್ಲಿ ನಡೆದ ಪ್ರಯತ್ನಗಳಲ್ಲಿ ಕ್ರೈಸ್ತ ಬೋಧಕರ ಶಿಕ್ಷಣದ ಚರಿತ್ರೆಯೂ ಒಂದು. ಅದರ ಹಿರಿಮೆಯನ್ನೂ ಕೊರತೆಯನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಈ ಚರಿತ್ರೆಯ ಒಂದು ಎಳೆಯು ವರದಹಳ್ಳಿಯ ನೆರೆಯಲ್ಲಿಯೇ ಸಿಕ್ಕುತ್ತದೆ. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳಲ್ಲಿ ತೊಡಗಿ, ಇಂದಿನ ಹೊಸನಗರ ತಾಲ್ಲೂಕಿನ ನಗರವೆನಿಸಿದ ಬಿದನೂರಿನಲ್ಲಿ ರಾಜಧಾನಿಯನ್ನಿಟ್ಟುಕೊಂಡು ಆಳಿದ ನಾಯಕರ ರಾಜ್ಯವು ಘಟ್ಟದ ಕೆಳಗೆ ಕಡಲಿನವರೆಗೂ ಹಬ್ಬಿತ್ತು. ಗೋವೆಯಿಂದ ಹೊರಟು ಬಂದ ಕೊಂಕಣಿ ಮಾತನಾಡುವ ಕ್ರೈಸ್ತ ಒಕ್ಕಲುಗಳು ಬಸರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರುಗಳ ಸುತ್ತಿನಲ್ಲಿ ನೆಲೆಸಿ ಗದ್ದೆಗಳನ್ನು ಮಾಡಿದ್ದು ಆ ಅರಸರ ಆಶ್ರಯದಲ್ಲಿ. ಕೆಳದಿಯ ಚೆನ್ನಮ್ಮಾಜಿ ಸಿಂಹಾಸನದಲ್ಲಿದ್ದ 1681ರಲ್ಲಿ ಈ ಕರಾವಳಿಗೆ ಒಬ್ಬ ಮೂವತ್ತರ ತರುಣ ಪಾದ್ರಿಯು ಬಂದನು. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಆತನಿಗೆ ಇಲ್ಲಿ ಕಾದಿದ್ದದ್ದು ಇಗರ್ಜಿಗಳ ಮೇಲಿನ ಅಧಿಕಾರ ಯಾರದೆಂಬ ಕಲಹ. ಆ ಕಲಹದ ನಡುವೆಯೂ ಬರಿಗಾಲಿನಲ್ಲಿ ಊರೂರು ತಿರುಗಿ ಬಡವರ ಗುಡಿಸಲುಗಳಲ್ಲಿ ತಂಗಿ, ಪಾಳುಬಿದ್ದ ಇಗರ್ಜಿಗಳನ್ನು ಎಬ್ಬಿಸಿ, ಮಕ್ಕಳಿಗೆ ಸಣ್ಣ ಶಾಲೆಗಳನ್ನು ತೆರೆದು, 1684ರಲ್ಲಿ ಆತನು ಗೋವೆಗೆ ಮರಳಿದನು. ಇಲ್ಲಿಯ ಮೂರು ವರ್ಷಗಳ ಕಲಿಕೆಯು ಎಂಥದೆಂಬುದು ಮುಂದೆ ಸಿಂಹಳದಲ್ಲಿ ಗೊತ್ತಾಯಿತು. ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದ ಆ ದ್ವೀಪವನ್ನು 1687ರಲ್ಲಿ ಆತನು ಕೂಲಿಯವನ ವೇಷದಲ್ಲಿ ಹೊಕ್ಕನು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಯಾದನು. 1697ರಲ್ಲಿ ಸಿಡುಬು ಹರಡಿ ಬಂಧುಗಳೇ ರೋಗಿಗಳನ್ನು ಬಿಟ್ಟೋಡಿದಾಗ ಅವರನ್ನು ತೊಳೆದು ಉಣಿಸಿ ಶುಶ್ರೂಷೆ ಮಾಡಿದನು. ದರಿದ್ರನ ಪಕ್ಕದಲ್ಲಿ ಮಲಗುವುದನ್ನು ಮೊದಲು ಕಲಿಯದವನು ರೋಗಿಯ ಪಕ್ಕದಲ್ಲಿ ಕೂಡಲಾರನು.

ವಾಸವೆಂದ ಮಾತ್ರಕ್ಕೆ ಎಲ್ಲ ವಾಸವೂ ಒಂದೇ ಅಲ್ಲ ಎಂಬುದಕ್ಕೆ ಅದೇ ಶತಮಾನದಲ್ಲಿ ಇನ್ನೊಂದು ನಿದರ್ಶನವುಂಟು. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ದ ನೊಬಿಲಿಯು ಕಾವಿಯನ್ನುಟ್ಟು, ಮಾಂಸವನ್ನು ವರ್ಜಿಸಿ, ಸಂನ್ಯಾಸಿಯಂತೆ ಬಾಳಿದನು. ಅದೇ ಕ್ರಮವನ್ನನುಸರಿಸಿದ ಲಿಯೊನಾರ್ಡೊ ಚಿನ್ನಾಮಿಯು 1649ರಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತು, ಕನ್ನಡದಲ್ಲಿ ಗ್ರಂಥಗಳನ್ನು ಬರೆದನು. ಪರದೇಶದವನು ಈ ನಾಡಿನ ಊಟ, ಉಡುಗೆ, ನುಡಿಗಳಿಗೆ ತನ್ನನ್ನು ಒಪ್ಪಿಸಿಕೊಂಡದ್ದು ಸಾಮಾನ್ಯ ತಪಸ್ಸಲ್ಲ. ಆದರೆ ಮೇಲುಜಾತಿಗಳ ಗೌರವವನ್ನು ಉಳಿಸಿಕೊಳ್ಳಬೇಕಾಗಿದ್ದ ಆ ವೇಷವೇ ಬೇಲಿಯೂ ಆಯಿತು. ಸಂನ್ಯಾಸಿಯೆನಿಸಿಕೊಂಡ ಪಾದ್ರಿಯು ಹಾಡುಹಗಲಿನಲ್ಲಿ ಹೊಲಗೇರಿಯನ್ನು ಹೊಗುವಂತಿರಲಿಲ್ಲ. ಆದಕಾರಣ ಕೆಲವೇ ದಶಕಗಳಲ್ಲಿ ಮಧುರೆಯ ಸೀಮೆಯಲ್ಲಿ ಕೆಳಗಿನ ಜಾತಿಗಳವರ ನಡುವೆಯೂ ಓಡಾಡಬಲ್ಲ 'ಪಂಡಾರ'ಗಳೆಂಬ ಬೇರೊಂದು ಬಗೆಯ ಪಾದ್ರಿಗಳನ್ನು ಏರ್ಪಡಿಸಬೇಕಾಯಿತು. ಮತವನ್ನು ಬೋಧಿಸಬಂದವರನ್ನು ಜಾತಿಯು ಎರಡಾಗಿ ಸೀಳಿತು. ನಾಡಿನ ನಡುವೆ ವಾಸಿಸುವುದು ಒಂದು ಶಿಕ್ಷಣ. ನಾಡು ಹೊರಗಿಟ್ಟವರ ನಡುವೆ ವಾಸಿಸುವುದು ಮತ್ತೊಂದು ಶಿಕ್ಷಣ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಈ ಜನರ ಉಡುಪನ್ನೇ ಧರಿಸಿ, ಈ ಜನರಂತೆಯೇ ಉಂಡು, 1823ರವರೆಗೆ ಹಳ್ಳಿಹಳ್ಳಿಗಳಲ್ಲಿ ಕಾಲವನ್ನು ಕಳೆದನು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆಯನ್ನು ಮಾಡಿಕೊಟ್ಟನು. ಸಿಡುಬಿನ ತಡೆಗೆ ಮೈಲಿ ಹಾಕಿಸುವುದೆಂದರೆ ಜನರು ಬೆದರುತ್ತಿದ್ದ ಆ ದಿನಗಳಲ್ಲಿ, 1803-04ರ ಅವಧಿಯಲ್ಲಿ, ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಮಂದಿಗೆ ಆತನು ಅದನ್ನು ಹಾಕಿಸಿದನೆಂದು ದಾಖಲೆಗಳು ಹೇಳುತ್ತವೆ. ಅಪರಿಚಿತನೊಬ್ಬನ ಮುಂದೆ ತಾಯಿಯೊಬ್ಬಳು ತನ್ನ ಮಗುವಿನ ತೋಳನ್ನು ಚಾಚುವುದು ಆತನ ವಿದ್ಯೆಯನ್ನು ನಂಬಿಯಲ್ಲ. ಆತನನ್ನು ನಿತ್ಯವೂ ತನ್ನ ಬೀದಿಯಲ್ಲಿ ಕಂಡಿದ್ದಾಳೆಂಬ ಕಾರಣದಿಂದ.

ಇನ್ನು ಈ ಚರಿತ್ರೆಯ ನಡುಮನೆಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯಿಂದ ಹೊರಟ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು, ಬ್ರಿಟಿಷರಲ್ಲದ ಮಿಶನ್ನುಗಳಿಗೂ ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯಲ್ಲಿ ಎಡೆಯನ್ನಿತ್ತ 1833ರ ಶಾಸನದ ಮರುವರ್ಷ, 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಸೇರಿದರು. ಎರಡು ವರ್ಷಗಳ ಮೇಲೆ ಅವರನ್ನು ಕೂಡಿಕೊಂಡವರು ಹರ್ಮನ್ ಮೋಗ್ಲಿಂಗರು. ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮಿನಲ್ಲಿ 1811ರಲ್ಲಿ ಜನಿಸಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರವನ್ನು ಓದಿದ್ದ ಅವರು ತಮ್ಮ ನಾಡಿನಲ್ಲಿದ್ದಿದ್ದರೆ ಯಾವುದೋ ನೆಮ್ಮದಿಯ ಊರಿನ ಸಭಾಪಾಲಕರಾಗಿ ಬಾಳಬಹುದಾಗಿತ್ತು. ಇಲ್ಲಿ ಅವರು ಕಂಡುಕೊಂಡ ಕೆಲಸವು ಬೋಧಕರಾಗತಕ್ಕ ಹುಡುಗರನ್ನು ಬೆಳೆಸುವುದು. ಕಲೆಕ್ಟರಾಗಿದ್ದ ಬ್ಲೇರ್ ಎಂಬವರಿಂದ 1840ರಲ್ಲಿ ಮಿಶನ್ನಿಗೆ ದೊರೆತ ಬಲ್ಮಠದ ಗುಡ್ಡವು ಆ ಶಿಕ್ಷಣದ ನೆಲೆಯಾಯಿತು.

ಮೋಗ್ಲಿಂಗರು ಹುಡುಗರಿಗೆ ಬಂಗಲೆಯಿಂದ ಬಂದು ಪಾಠ ಹೇಳಿಹೋಗುವ ಉಪಾಧ್ಯಾಯರಾಗಲು ಒಪ್ಪಲಿಲ್ಲ. ಶಿಷ್ಯರಿದ್ದ ಸೂರಿನ ಕೆಳಗೆಯೇ ತಾವೂ ಇದ್ದು, ಅವರು ಉಣ್ಣುವ ಅನ್ನ ಸಾರನ್ನೇ ಉಂಡು, ಅವರೊಡನೆ ಒಂದು ಮನೆಯ ಹಿರಿಯರಂತೆ ಬಾಳುವ ಕ್ರಮವನ್ನು ಅವರು ಹಿಡಿದರು. ಇದರಲ್ಲಿ ಏನು ಹೆಚ್ಚಿನದು ಎಂದು ಇಂದಿನವರು ಕೇಳಬಹುದು. ಆ ಕಾಲದ ಮಂಗಳೂರಿನಲ್ಲಿ ಒಂದು ಎಲೆಯ ಪಕ್ಕಕ್ಕೆ ಇನ್ನೊಂದು ಎಲೆಯನ್ನು ಹಾಕುವುದೆಂದರೆ ಒಂದು ಲೋಕವನ್ನು ಕಡಿದು ಇನ್ನೊಂದು ಲೋಕವನ್ನು ಕಟ್ಟಿದಂತೆ. ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳಬಾರದೆಂಬುದರಲ್ಲಿ ಬಾಸೆಲಿನವರು ಅತ್ಯಂತ ಬಿಗಿಯಾಗಿದ್ದರು. ಹೀಗಾಗಿ ಬೇರೆ ಬೇರೆ ಮನೆಗಳಿಂದ ಬಂದ ಹುಡುಗರು ಮೊದಲು ಕಲಿತ ಪಾಠವು ಪುಸ್ತಕದ್ದಲ್ಲ, ಪಂಕ್ತಿಯದು. ಯೂರೋಪಿನ ದೊರೆಯೊಬ್ಬನು ಚಾಪೆಯ ಮೇಲೆ ಕುಳಿತು ಕೈಯಿಂದ ಅನ್ನವನ್ನು ಕಲಸುವುದನ್ನು ನಿತ್ಯವೂ ನೋಡುತ್ತಿದ್ದ ಬಾಲಕನಿಗೆ ದೊರೆತನವೆಂದರೇನು, ಸೇವೆಯೆಂದರೇನು ಎಂಬ ಪ್ರಶ್ನೆಯು ಉಪನ್ಯಾಸವಿಲ್ಲದೆಯೇ ಬಗೆಹರಿಯುತ್ತಿತ್ತು.

ಈ ವಾಸದಿಂದ ಶಿಷ್ಯರು ಕಲಿತಷ್ಟನ್ನೇ ಗುರುವೂ ಕಲಿತರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಆರಂಭವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ಹೊರಟಿತು. ಕಲ್ಲಿನ ಮೇಲೆ ಅಕ್ಷರಗಳನ್ನು ತೀಡಿ ತೆಗೆದ ಆ ಪಾಕ್ಷಿಕಕ್ಕೆ ಒಂದು ದುಡ್ಡು ಬೆಲೆ. ಊರಿನ ವರ್ತಮಾನ, ಸರಕಾರದ ನಿರೂಪ, ಪರದೇಶದ ಸಂಗತಿ, ಕಥೆ, ಗಾದೆ ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. ಇಂದಿಗೂ ನಮ್ಮ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದ. ಮೋಗ್ಲಿಂಗರು ಗಾದೆಗಳನ್ನು ಸಾವಿರಗಟ್ಟಲೆ ಕೂಡಿಹಾಕಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕೃತಿಗಳನ್ನು 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚುಹಾಕಿಸಿದರು. ಅದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಗಾದೆಯು ಗ್ರಂಥಾಲಯದಲ್ಲಿ ಸಿಕ್ಕುವ ವಸ್ತುವಲ್ಲ. ಅದು ಬಾವಿಕಟ್ಟೆಯಲ್ಲಿ, ಗದ್ದೆಯ ಬದುವಿನಲ್ಲಿ, ಜಗುಲಿಯ ಜಗಳದಲ್ಲಿ ಕೇಳಿಸುತ್ತದೆ. ಜೊತೆಯಲ್ಲಿ ಬಾಳದವನ ಕಿವಿಗೆ ಅದು ಬೀಳುವುದೇ ಇಲ್ಲ.

ಭಾಷೆಯ ವಿಚಾರದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಕಚೇರಿಯ ಭಾಷೆ ಕನ್ನಡವಾಗಿದ್ದರೂ ಮಂಗಳೂರಿನ ಸುತ್ತಿನ ತೋಟ ಗದ್ದೆಗಳಲ್ಲಿಯೂ ಕೇರಿಗಳಲ್ಲಿಯೂ ಜನರು ಅಳುವುದೂ ನಗುವುದೂ ತುಳುವಿನಲ್ಲಿ. ಕನ್ನಡದಲ್ಲಿ ಮಾಡಿದ ಪ್ರಸಂಗವು ಕೇರಿಯ ಹೆಂಗಸಿಗೆ ಕಚೇರಿಯ ನಿರೂಪದಂತೆ ಕೇಳಿಸುತ್ತಿದ್ದಿರಬೇಕು. ಆದುದರಿಂದ ಬೋಧಕರೂ ಉಪದೇಶಿಗಳೂ ತುಳುವನ್ನು ಕಲಿಯತೊಡಗಿದರು. 1847ರಲ್ಲಿ ಹೊಸ ಒಡಂಬಡಿಕೆಯು ಕನ್ನಡ ಲಿಪಿಯಲ್ಲಿ ತುಳುವಿಗೆ ಬಂದಿತು. 1886ರಲ್ಲಿ ಮ್ಯಾನರ್ ಎಂಬವರ ತುಳು ನಿಘಂಟು ಹೊರಬಿದ್ದಿತು. ಹಾಗೆಯೇ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಕಾಲ್ನಡಿಗೆಯಲ್ಲಿ ತಿರುಗಿ, ಈ ಜನರೊಡನೆ ಈ ಜನರಂತೆ ಇರಬೇಕೆಂದು ಬಯಸಿದಾಗ ಅವರ ಸಹೋದ್ಯೋಗಿಗಳೇ ಅದನ್ನು ಮೆಚ್ಚಲಿಲ್ಲ. ಆದರೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ, ಸುಮಾರು 70,000 ಪದಗಳ ಅವರ ಕನ್ನಡ ನಿಘಂಟಿನಲ್ಲಿ ಪಂಡಿತರ ಶಬ್ದಗಳ ಪಕ್ಕದಲ್ಲಿ ರೈತನ, ಕುಶಲಕರ್ಮಿಯ, ಅಡುಗೆಮನೆಯ ಮಾತುಗಳೂ ಸರಿಸಮಾನವಾಗಿ ಕುಳಿತಿವೆ. ಅದೂ ಒಂದು ಪಂಕ್ತಿಯೇ.

ಬಲ್ಮಠದ ಕಥೆಯಲ್ಲಿ ನೋವಿನ ಅಧ್ಯಾಯವೂ ಉಂಟು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾಯ ಕೌಂಡಿನ್ಯನೆಂಬ ಹದಿನೆಂಟು ಹತ್ತೊಂಬತ್ತರ ತರುಣನು 1844ರ ಜನವರಿಯಲ್ಲಿ ಇಬ್ಬರು ಮಿತ್ರರೊಡನೆ ದೀಕ್ಷಾಸ್ನಾನವನ್ನು ಪಡೆದು ಗುರುವಿನ ಹೆಸರಾದ ಹರ್ಮನ್ ಎಂಬುದನ್ನೇ ಇಟ್ಟುಕೊಂಡನು. ಊರು ಕೆರಳಿತು. ಮನೆ, ಪತ್ನಿ, ಬಂಧುವರ್ಗ ಎಲ್ಲವೂ ಆತನ ಕೈಬಿಟ್ಟುಹೋದವು. ಒಬ್ಬನ ಅಂತಃಕರಣದ ನಿರ್ಧಾರಕ್ಕೆ ಒಂದು ಮನೆಯೇ ಮುರಿದುಹೋದ ದುಃಖವನ್ನು ಯಾವ ಮತದ ಜಯವೆಂದೂ ಲೆಕ್ಕಹಾಕಲಾಗದು; ಆ ಮನೆಯವರ ಸಂಕಟವೂ ಆ ಯುವಕನ ಪ್ರಾಮಾಣಿಕತೆಯೂ ನಮ್ಮ ಗೌರವಕ್ಕೆ ಸಮಾನವಾಗಿ ಅರ್ಹವಾದವು. 1846ರಿಂದ 1851ರವರೆಗೆ ಬಾಸೆಲಿನಲ್ಲಿ ಓದಿ ಬೋಧಕದೀಕ್ಷೆಯನ್ನು ಪಡೆದು ಹಿಂದಿರುಗಿದ ಕೌಂಡಿನ್ಯರು ತಮ್ಮ ಆಯುಷ್ಯದ ಬಹುಭಾಗವನ್ನು ಇಲ್ಲಿಯ ಹುಡುಗರನ್ನು ಬೋಧಕರನ್ನಾಗಿ ತರಬೇತು ಮಾಡುವುದರಲ್ಲಿ ಕಳೆದು 1893ರಲ್ಲಿ ತೀರಿಕೊಂಡರು. ಶಿಷ್ಯನು ಗುರುವಿನ ಪೀಠಕ್ಕೆ ಬಂದು ಕುಳಿತನು. ಪರದೇಶದಿಂದ ತಂದ ಬಿತ್ತು ಈ ಮಣ್ಣಿನ ಸಸಿಯಾಯಿತು.

ಮೋಗ್ಲಿಂಗರ ಕಲಿಕೆಯ ಕಡೆಯ ಘಟ್ಟವು ಕೊಡಗಿನಲ್ಲಿ. 1853ರ ಸುಮಾರಿಗೆ ಅಲ್ಲಿಗೆ ಹೋದ ಅವರ ಕಣ್ಣಿಗೆ ಬಿದ್ದವರು ಒಡೆಯರ ಜಮೀನಿಗೆ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ಹೊಲೆಯ ಕುಟುಂಬಗಳು. ಕಂಪೆನಿ ಸರಕಾರವು 1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ, ಕಾಗದದ ಮೇಲೆ ಬಿಚ್ಚಿದ ಗಂಟು ಗದ್ದೆಯಲ್ಲಿ ಬಿಚ್ಚಿಕೊಂಡಿರಲಿಲ್ಲ. ಉಳಲು ಸ್ವಂತ ನೆಲವಿಲ್ಲದವನು ಬಿಡುಗಡೆಯಾದ ಮರುದಿನವೂ ಹಳೆಯ ಒಡೆಯನ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಇದನ್ನರಿತು, ಸಿದ್ದಾಪುರದ ಕಡೆ ಕಾಡಿನ ಭೂಮಿಯಲ್ಲಿ ಅವರಿಗಾಗಿ ಆನಂದಪುರವೆಂಬ ಹಳ್ಳಿಯನ್ನು ಕಟ್ಟಿಸಿ, ಮೋಗ್ಲಿಂಗರು ಅವರ ನಡುವೆ ವಾಸಿಸಿದರು. ನಮ್ಮ ಸಾಗರ ತಾಲ್ಲೂಕಿನಲ್ಲಿಯೂ ಒಂದು ಆನಂದಪುರವಿದೆ. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಕೊಡಗಿನ ಆ ಇನ್ನೊಂದು ಹಳ್ಳಿಯ ನೆನಪಾಗುತ್ತದೆ. ಟ್ಯೂಬಿಂಗನ್ನಿನ ಪಂಡಿತನು ಕನ್ನಡ ಕಾವ್ಯವನ್ನು ಅಚ್ಚುಹಾಕಿಸಿದ್ದು ಆತನ ಪಾಂಡಿತ್ಯಕ್ಕೆ ಸಹಜ; ಭೂಮಿಯಿಲ್ಲದವನಿಗೆ ಉಪದೇಶಕ್ಕಿಂತ ಮೊದಲು ಭೂಮಿಯು ಬೇಕೆಂದು ತಿಳಿದದ್ದು ಮಾತ್ರ ಕೇರಿಯಲ್ಲಿ ವಾಸಿಸಿ ಪಡೆದ ಜ್ಞಾನ. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. 1881ರಲ್ಲಿ ಎಸ್ಲಿಂಗನ್ನಿನಲ್ಲಿ ನಿಧನರಾದರು. ಮತ್ತೆ ಈ ನೆಲವನ್ನು ಕಾಣಲಿಲ್ಲ.

ಈ ಮಾರ್ಗದ ಕೊರತೆಯನ್ನೂ ಮುಚ್ಚಿಡಬಾರದು. ಮತಾಂತರಗೊಂಡವನು ಜಾತಿಯಿಂದ ಹೊರಬಿದ್ದೊಡನೆ ಕಸುಬಿನಿಂದಲೂ ಒಕ್ಕಲಿನಿಂದಲೂ ಹೊರಬೀಳುತ್ತಿದ್ದುದರಿಂದ ಮಿಶನ್ನು ಆತನಿಗೆ ಅನ್ನದ ದಾರಿಯನ್ನು ತೋರಿಸಬೇಕಾಯಿತು. ಮುದ್ರಣಾಲಯ, ನೇಯ್ಗೆಯ ಕಾರ್ಖಾನೆಗಳ ಜೊತೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮಳೆಗಾಲದಲ್ಲಿ ಹುಲ್ಲಿನ ಮಾಡಿನ ಕೆಳಗೆ ತೊಯ್ದು ನಡುಗುತ್ತಿದ್ದ ನಮ್ಮ ಮಲೆನಾಡಿನ ಮನೆಗಳು ಆ ಕೆಂಪು ಹಂಚನ್ನು ಹೊದ್ದು ಬೆಚ್ಚಗಾದವು. ಉಪಕಾರವು ದೊಡ್ಡದೇ. ಆದರೆ ಕಾರ್ಖಾನೆಯ ಸುತ್ತ ವಸತಿ, ವಸತಿಯ ಸುತ್ತ ಪಾಗಾರ ಎದ್ದಂತೆ, ಬೋಧಕನು ಕೆಲಸ ಕೊಡುವ ಧಣಿಯೂ ಆದನು. ಹೊಸ ಕ್ರೈಸ್ತನು ಊರಿಗೂ ಸಲ್ಲದೆ ಕೇರಿಗೂ ಸಲ್ಲದೆ ಮಿಶನ್ನಿನ ಕಾಂಪೌಂಡಿನೊಳಗೆ ಉಳಿದನು. ಎಲ್ಲಿ ಬೋಧಕನು ಕೇರಿಗೆ ಹೋಗಿ ವಾಸಿಸಿದನೋ ಅಲ್ಲಿ ಕಲಿಕೆ ನಡೆಯಿತು. ಎಲ್ಲಿ ಕೇರಿಯನ್ನು ತನ್ನ ಆವರಣಕ್ಕೆ ಕರೆಸಿಕೊಂಡನೋ ಅಲ್ಲಿ ಆಡಳಿತ ನಡೆಯಿತು. ಈ ಭೇದವನ್ನು ಗ್ರಹಿಸದೆ ಮಿಶನ್ನುಗಳ ಚರಿತ್ರೆಯನ್ನು ಬರೆದರೆ ಅದು ಬರಿಯ ಸ್ತುತಿಯಾದೀತು, ಇಲ್ಲವೆ ಬರಿಯ ನಿಂದೆಯಾದೀತು.

ಕೇರಿಯ ಗುರುಸ್ಥಾನವು ಯಾವ ಒಂದು ಮತದವರ ಸ್ವತ್ತೂ ಅಲ್ಲವೆಂದು ಅದೇ ಮಂಗಳೂರು ತೋರಿಸಿಕೊಟ್ಟಿತು. 1859ರಲ್ಲಿ ಜನಿಸಿದ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು, ವಕೀಲರು, ಬ್ರಹ್ಮಸಮಾಜದ ತತ್ತ್ವವನ್ನು ಒಪ್ಪಿದವರು. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನನ್ನು ಸ್ಥಾಪಿಸಿದರು. ಸ್ವಜನರು ಬಹಿಷ್ಕರಿಸಿದರು, ನಿಂದೆ ಅಪಮಾನಗಳು ಬೆನ್ನುಹತ್ತಿದವು. ಅವರು ಶಾಲೆಯ ಜೊತೆಗೆ ಕಸುಬಿನ ತರಬೇತನ್ನೂ, ಮನೆ ಕಟ್ಟಿಕೊಳ್ಳಲು ನೆಲವನ್ನೂ ಒದಗಿಸುತ್ತ ಬಂದರು. ಕಡೆಗೆ ಸಂನ್ಯಾಸವನ್ನು ಸ್ವೀಕರಿಸಿ 1928ರಲ್ಲಿ ದೇಹವನ್ನು ಬಿಟ್ಟಾಗ, ತಮ್ಮ ಅಂತ್ಯಕ್ರಿಯೆಯು ಆ ಜನರ ಕೈಯಿಂದಲೇ ಆಗಬೇಕೆಂಬುದು ಅವರ ಇಚ್ಛೆಯಾಗಿತ್ತು. ಹೆಗಲು ಕೊಡುವ ಅಧಿಕಾರವು ಬಂಧುವಿನದು. ತಮ್ಮ ಬಂಧುಗಳು ಯಾರೆಂಬುದನ್ನು ರಂಗರಾಯರು ಆ ಇಚ್ಛೆಯಿಂದ ಹೇಳಿಹೋದರು.

ನಗರಗಳು ಬೆಳೆದಂತೆ ಈ ಪ್ರಶ್ನೆಯು ಲೋಕಕ್ಕೆಲ್ಲ ಸಾಮಾನ್ಯವಾಯಿತು. ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲಿನ ಬಡ ಬೀದಿಗಳ ನಡುವೆ ಸಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿಯು 1884ರಲ್ಲಿ ಟಾಯ್ನ್‌ಬೀ ಹಾಲ್ ಎಂಬ ನೆಲೆಯನ್ನು ತೆರೆದು, ವಿಶ್ವವಿದ್ಯಾನಿಲಯದ ತರುಣರು ಅಲ್ಲಿ ವಾಸಿಸಿ ದರಿದ್ರರ ಬಾಳನ್ನು ಅರಿಯಲೆಂದು ಕರೆದನು. ಫ್ರಾನ್ಸಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಕೆಲವು ಪಾದ್ರಿಗಳು ಕಾರ್ಖಾನೆಗಳಲ್ಲಿ ಕೂಲಿಗಳಾಗಿ ದುಡಿದರು; 1954ರಲ್ಲಿ ರೋಮಿನ ಆಜ್ಞೆಯಿಂದ ಆ ಪ್ರಯೋಗಕ್ಕೆ ತಡೆ ಬಿದ್ದಿತು. ನಮ್ಮಲ್ಲಿ 1910ರಲ್ಲಿ ಹಲವು ಮಿಶನ್ನುಗಳು ಕೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. 1965ರಲ್ಲಿ ಮಂಗಳೂರಿನ ಹಳೆಯ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಒಂದಾಗಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು. ಮೋಗ್ಲಿಂಗರು ಶಿಷ್ಯರೊಡನೆ ಬಾಳಿದ ಗುಡ್ಡದ ಮೇಲೆಯೇ ಇಂದಿಗೂ ಕನ್ನಡದ ಬೋಧಕರು ತಯಾರಾಗುತ್ತಿದ್ದಾರೆ.

ಆ ಬೆಂಗಳೂರಿನ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಎಂಬ ವಿದ್ವಾಂಸರು ಮಾಡಿದ ಒಂದು ಉಪನ್ಯಾಸವು ಈ ಚರಿತ್ರೆಯ ದಿಕ್ಕನ್ನು ತಿರುಗಿಸಿತು. ಭಾರತದ ಕ್ರೈಸ್ತರಲ್ಲಿ ಬಹುಸಂಖ್ಯಾತರು ಕೇರಿಗಳಿಂದ ಬಂದವರಾಗಿದ್ದರೂ ಭಾರತೀಯ ಕ್ರೈಸ್ತ ಚಿಂತನೆಯು ಮೇಲುಜಾತಿಯ ದರ್ಶನಗಳೊಡನೆಯೇ ಸಂವಾದ ನಡೆಸುತ್ತ ಬಂದಿದೆ. ಕೇರಿಯವರ ನೋವಿನೊಳಗಿಂದ ಹುಟ್ಟದ ದೈವಶಾಸ್ತ್ರವು ಅವರದಾಗಲಾರದು ಎಂಬುದು ಅವರ ವಾದದ ಸಾರ. ದಲಿತ ದೈವಶಾಸ್ತ್ರವೆಂದು ಲೋಕಪ್ರಸಿದ್ಧವಾದ ಚಿಂತನೆಯ ಮೊಳಕೆ ಅದು. ಮುನ್ನೂರು ವರ್ಷಗಳ ಕಾಲ ಕೇರಿಗೆ ಏನನ್ನು ಹೇಳಬೇಕೆಂದು ಯೋಚಿಸುತ್ತಿದ್ದ ವಿದ್ಯೆಯು ಕೇರಿಯು ಏನು ಹೇಳುತ್ತಿದೆಯೆಂದು ಕೇಳಲು ಕುಳಿತದ್ದು ಅಂದು.

ಸೇವಾವೃತ್ತಿಯನ್ನು ಕಲಿಯಬಯಸುವ ತರುಣನನ್ನು ಇಂದು ನಗರದ ಹಿಂದುಳಿದ ಬಡಾವಣೆಯೊಂದಕ್ಕೆ ಕಳುಹಿಸಿದರೆ ಆತನಿಗೆ ಕಾಣುವುದೇನು? ನಲ್ಲಿಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದ ಕೊಡಗಳು. ಮಲಗುಂಡಿಗೆ ಇಳಿಯುವವನ ಹೆಂಡತಿಯು ಸಂಜೆಯವರೆಗೆ ಹಿಡಿದುಕೊಂಡಿರುವ ಉಸಿರು. ಪರೀಕ್ಷೆಗೆ ಓದಲು ಬೀದಿದೀಪವನ್ನು ಹುಡುಕುವ ಹುಡುಗಿ. ತನ್ನಲ್ಲಿರುವ ಅರ್ಧ ಸೇರು ಅಕ್ಕಿಯಲ್ಲಿ ಪಕ್ಕದ ಮನೆಯವಳಿಗೂ ಪಾಲು ಕೊಡುವ ಮುದುಕಿ. ಒಂದು ದಿನದ ಭೇಟಿಗೆ ಇವು ದೃಶ್ಯಗಳಾಗಿ ಉಳಿಯುತ್ತವೆ. ಒಂದು ಮಳೆಗಾಲವನ್ನು ಅಲ್ಲಿಯೇ ಕಳೆದವನಿಗೆ ಇವು ಪಾಠಗಳಾಗುತ್ತವೆ. ಕೊಡುವವನಾಗಿ ಹೋದವನು ತಾನು ಪಡೆಯುತ್ತಿದ್ದೇನೆಂದು ಅರಿಯುವ ಗಳಿಗೆಯಲ್ಲಿ ಆತನ ಶಿಕ್ಷಣವು ಆರಂಭವಾಗುತ್ತದೆ.

ಆದಕಾರಣ ಪಾದ್ರಿಯಾಗಲಿ, ಸ್ವಾಮಿಯಾಗಲಿ, ವೈದ್ಯನಾಗಲಿ, ಶಾಲೆಯ ಮೇಷ್ಟರಾಗಲಿ, ಜನಸೇವೆಯನ್ನು ಬದುಕಾಗಿ ಆರಿಸಿಕೊಳ್ಳುವ ಎಲ್ಲರಲ್ಲಿಯೂ ನನ್ನ ಬಿನ್ನಹ ಇಷ್ಟೆ: ಕೇರಿಗೆ ಹೋಗುವಾಗ ಗುರುವಿನ ಮನೆಗೆ ಹೋಗುವವನಂತೆ ಹೋಗಿರಿ, ಮಾತನಾಡುವ ಮೊದಲು ಅವರ ನುಡಿಯನ್ನು ಕಲಿಯಿರಿ, ಬಡಿಸುವ ಮೊದಲು ಅವರು ಬಡಿಸಿದ್ದನ್ನು ಉಣ್ಣಿರಿ, ಆಳುವ ಅಧಿಕಾರವು ಕೈಗೆ ಬಂದಂತೆ ತೋರಿದರೆ ಅದನ್ನು ಅಲ್ಲಿಯವರ ಕೈಗೇ ಒಪ್ಪಿಸಿರಿ. ಅಮರಸಿಂಹನು ಒಂದೇ ಪದವನ್ನು ತನ್ನ ಕೋಶದ ಎರಡು ವರ್ಗಗಳಲ್ಲಿ ಇಟ್ಟುಹೋದನು. ಅವೆರಡನ್ನು ಒಂದು ಚಾಪೆಯ ಮೇಲೆ ಕೂಡಿಸುವ ಕೆಲಸವು ನಮಗೆ ಉಳಿದಿದೆ.